ನಿಘಂಟು ಟೂಲ್: ಹೊಸಬರ ಮೊದಲ ಪ್ಯಾಚ್‌ಗಳು

ಆಗಸ್ಟ್, ಶುರುವಿನಲ್ಲಿ

ನಾನು ಬಿಡುವಿನಲ್ಲಿ ಕಟ್ಟುತ್ತಿರುವ ಕನ್ನಡ ಪದ ಹುಡುಕುವ ಟೂಲ್‌ಗೆ ಹಾಸನದ ಕಡೆಯ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದಾರೆ. ಜಾವಾಸ್ಕ್ರಿಪ್ಟ್ ಎಲ್ಲರಿಗೂ ಬರುತ್ತದೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಮಾತ್ರ ಲ್ಯಾಬ್‌ನಲ್ಲಿ ಒಮ್ಮೆ ಮುಟ್ಟಿ ಬಿಟ್ಟಿದ್ದು.

ರಾತ್ರಿ ಊಟ ಮುಗಿಸಿ ಕೂತರೆ ವಾಟ್ಸಾಪ್‌ನಲ್ಲಿ ‘ಸರ್, ಒಂದು ಡೌಟ್’. ಸ್ವಲ್ಪ ಹೊತ್ತಿಗೆ ಇನ್ನೊಬ್ಬರಿಂದ ಅದೇ ಡೌಟ್. ಹಾಗಾಗಿ ಒಂದು ನಿಯಮ ಮಾಡಿದ್ದೇನೆ: ಪ್ರಶ್ನೆಯನ್ನು ನಮ್ಮ ಕೋಡ್ ಇರುವ ಗಿಟ್‌ಹಬ್ ತಾಣದಲ್ಲಿ ಇಶ್ಯೂ (ದೋಷ, ಪ್ರಶ್ನೆಗಳನ್ನು ಎಲ್ಲರಿಗೂ ಕಾಣುವಂತೆ ಬರೆಯುವ ಪುಟ) ಆಗಿ ಹಾಕಿ, ಉತ್ತರ ಅಲ್ಲೇ ಸಿಗುತ್ತದೆ. ಹಾಕಿದ ದಿನವೇ ಉತ್ತರ ಕೊಡುವುದು ನನ್ನ ಪಾಲಿನ ಕರಾರು. ಎಲ್ಲರೆದುರು ಕೇಳಲು ಅವರಿಗೆ ನಾಚಿಕೆ, ಗೊತ್ತು. ಆದರೆ ವಾಟ್ಸಾಪ್‌ನಲ್ಲಿ ಹೇಳಿದ್ದು ಮುಂದಿನ ಬ್ಯಾಚ್‌ನವರ ಕೈಗೆ ಸಿಗುವುದಿಲ್ಲ ಅಲ್ವಾ? ನನಗೂ ಅದನ್ನೇ ಮತ್ತೆ ಟೈಪ್ ಮಾಡುವ ಕರ್ಮ.

ಆಗಸ್ಟ್, ಕೊನೆಯಲ್ಲಿ

ಮೊದಲ ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಬಂತು. ಬದಲಾಗಿದ್ದು ಎರಡೇ ಸಾಲು, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಮಾತ್ರ ಇಡೀ ಫೈಲ್ ಕೆಂಪು ಹಸಿರು. ವಿಂಡೋಸ್ ಎಡಿಟರ್ ಪ್ರತಿ ಸಾಲಿನ ಕೊನೆಯಲ್ಲಿರುವ, ಕಣ್ಣಿಗೆ ಕಾಣದ ಗುರುತನ್ನೂ ತನ್ನ ರೀತಿಯಲ್ಲಿ ಬದಲಿಸಿಬಿಟ್ಟಿತ್ತು. ಹುಡುಗಿ ಗಾಬರಿಯಾಗಿ ಪ್ಯಾಚ್ ವಾಪಸ್ ತೆಗೆಯಲು ಹೊರಟಿದ್ದಳು. ಬೇಡ, ಕಾರಣ ಹುಡುಕು ಎಂದೆ. ಮರುದಿನ, ಸಾಲಿನ ಕೊನೆ ಎಲ್ಲರಲ್ಲೂ ಒಂದೇ ರೀತಿ ಇರಲಿ ಎಂದು ಗಿಟ್‌ಗೆ ಹೇಳುವ ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಸೇರಿಸಿ ಹೊಸ ಪ್ಯಾಚ್ ಕಳಿಸಿದಳು. ಮೊದಲು ಮರ್ಜ್ ಆಗಿದ್ದು (ಮುಖ್ಯ ಕೋಡ್‌ಗೆ ಸೇರಿದ್ದು) ಅದೇ. ಉಳಿದ ಮೂವರಿಗೆ ಆ ತೊಂದರೆ ಬರಲೇ ಇಲ್ಲ.

ಸೆಪ್ಟೆಂಬರ್

ಈ ತಿಂಗಳೆಲ್ಲ ‘ರ‍್ಯಾಂಕ್’ ಗಲಾಟೆ. ರ ಪೂರ್ತಿ ಉಳಿದು ಯ ಒತ್ತಾಗಿ ಬರಬೇಕಾದರೆ ಯೂನಿಕೋಡ್‌ನಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ (ಝೀರೋ ವಿಡ್ತ್ ಜಾಯ್ನರ್) ಎಂಬ ಅಕ್ಷರ ಸೇರಿಸಬೇಕು. ಇಲ್ಲದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲನೆಯದಿದೆ, ಎಷ್ಟೋ ಜನ ಟೈಪ್ ಮಾಡುವುದು ಎರಡನೆಯದು. ಹುಡುಕಿದರೆ ಸಿಗುವುದಿಲ್ಲ.

ನಾನೇ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಹೊಸಬರಿಗೆ ಬಿಡುವಂತೆ ಇಶ್ಯೂ ಬರೆಯಲು ಒಂದು ಸಂಜೆ ಹಿಡಿಯಿತು: ಯಾವ ಫೈಲ್ ನೋಡಬೇಕು, ದೋಷ ಹೇಗೆ ಕಾಣಿಸುತ್ತದೆ, ಯಾವ ಟೆಸ್ಟ್ ಪಾಸಾದರೆ ಕೆಲಸ ಮುಗಿಯಿತು. ಸುಮ್ನೆ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕ ಕೆಲಸ) ಎಂಬ ಲೇಬಲ್ ಅಂಟಿಸಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು.

ಕೈಹಾಕಿದ ಹುಡುಗ ಮೊದಲು ಎರಡೂ ಪದಗಳ ಉದ್ದ ಪ್ರಿಂಟ್ ಮಾಡಿದ. ಒಂದು 8, ಇನ್ನೊಂದು 7. ‘ಸರ್, ಕಾಣದೇ ಇರೋ ಅಕ್ಷರ ಸಿಕ್ತು!’ ಎಂದು ಇಶ್ಯೂನಲ್ಲೇ ಬರೆದ. ಆಮೇಲೆ ಇಂಥ ಅದೃಶ್ಯ ಅಕ್ಷರಗಳನ್ನೆಲ್ಲ ಡೇಟಾದಿಂದಲೇ ಅಳಿಸುವ ಪ್ಯಾಚ್ ಕಳಿಸಿದ. ಟೆಸ್ಟ್ ಪಾಸಾಯಿತು. ನಾನು ಬೇಕೆಂದೇ ಬಾಯಿ ಬಿಡಲಿಲ್ಲ. ಸಂಜೆಗೆ ಗಿಟ್‌ಆಟ್ರಿಬ್ಯೂಟ್ಸ್ ಹುಡುಗಿಯ ಕಾಮೆಂಟ್: ‘ಸಾರಿ, ಆದರೆ ಈಗ ತೆರೆಯ ಮೇಲೂ ರ್ಯಾಂಕ್ ಅಂತಲೇ ಬರ್ತಿದೆ. ಸಾಫ್ಟ್‌ವೇರ್ ಕೂಡ ಸಾಫ್ಟ್ವೇರ್ ಆಗಿದೆ. ಹುಡುಕುವಾಗ ಮಾತ್ರ ತೆಗೆದರೆ ಸಾಕಲ್ವಾ?’ ಅವನು ಒಪ್ಪಿದ, ತಿದ್ದಿದ. ನಾನು ಬರೀ ಮರ್ಜ್ ಬಟನ್ ಒತ್ತಿದೆ. ಈ ಟೂಲ್‌ನಲ್ಲಿ ಇಲ್ಲಿಯವರೆಗೆ ನನಗೆ ಅತಿ ಖುಷಿ ಕೊಟ್ಟ ರಿವ್ಯೂ ಇದು. ಇದೇ ಮಾತು ವಾಟ್ಸಾಪ್‌ನಲ್ಲಿ ಬಂದಿದ್ದರೆ ನನಗೆ ಮಾತ್ರ ಕೇಳಿಸುತ್ತಿತ್ತು.

ಅಕ್ಟೋಬರ್

ಓಪನ್ ಸೋರ್ಸ್‌ಗೆ (ಎಲ್ಲರಿಗೂ ತೆರೆದ ಕೋಡ್‌ಗೆ) ಪ್ಯಾಚ್ ಕಳಿಸಲು ಹುರಿದುಂಬಿಸುವ, ಪ್ರತಿ ಅಕ್ಟೋಬರ್‌ನ ಹ್ಯಾಕ್ಟೋಬರ್‌ಫೆಸ್ಟ್‌ಗೆ ನಮ್ಮ ರೆಪೊ (ಕೋಡ್ ಸಂಗ್ರಹ) ಸೇರಿಸೋಣವೇ ಎಂದು ಕೇಳಿದರು. ನಾನು ಬೇಡವೆಂದೆ. 2020ರಲ್ಲಿ ಬಹುಮಾನದ ಟೀ ಶರ್ಟ್ ಆಸೆಗೆ, ಪ್ರಾಜೆಕ್ಟ್‌ನ ಪರಿಚಯ ಇರುವ ರೀಡ್‌ಮಿ ಫೈಲ್‌ಗೆ ಒಂದೆರಡು ಪದ ಸೇರಿಸಿ ಕಳಿಸುವವರ ಹಾವಳಿ ಎಷ್ಟಿತ್ತೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ನಡುವೆಯೇ ನಿಯಮ ಬದಲಿಸಬೇಕಾಯಿತು. ನಾಲ್ವರ ಪ್ಯಾಚ್ ನೋಡುವುದಕ್ಕೇ ನನಗೆ ಸಮಯ ಸಾಲದು.

ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಬರೆಯುವವರಿಗೆ ಗೂಗಲ್ ಸ್ಟೈಪೆಂಡ್ ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್ ಬಗ್ಗೆಯೂ ಮಾತು ಬಂತು. 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ಶುರುವಾದದ್ದು, 2022ರಿಂದ ಓಪನ್ ಸೋರ್ಸ್‌ಗೆ ಹೊಸಬರಾದ, ಹದಿನೆಂಟು ತುಂಬಿದ ಇತರರಿಗೂ ತೆರೆದಿದೆ. ‘ಯಾವುದಕ್ಕೆ ಹಾಕಿದರೆ ಬೇಗ ಸೆಲೆಕ್ಟ್ ಆಗ್ತೀವಿ ಸರ್?’ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ದಿನಾ ಬಳಸುವ ಸಾಫ್ಟ್‌ವೇರ್ ಹಿಡಿಯಿರಿ, ಅರ್ಜಿಗೆ ಮುಂಚೆಯೇ ಅಲ್ಲಿ ಒಂದೆರಡು ಪ್ಯಾಚ್ ಹಾಕಿ ಎಂದೆ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ಇರುವ ಜೆಕ್ವೆರಿ ಐಎಂಇ ಕೋಡ್ ತೋರಿಸಿದೆ. ಅದರಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸಗಳೇ ಇವೆ. ಇಬ್ಬರು ಓದಲು ಕೂತಿದ್ದಾರೆ.

ಒಬ್ಬ ಪ್ಲೇಸ್‌ಮೆಂಟ್ ತಯಾರಿಗೆಂದು ಬಿಟ್ಟ. ಹೇಳಿಯೇ ಹೋದ, ಅವನ ಅರ್ಧ ಕೆಲಸ ಬ್ರಾಂಚ್‌ನಲ್ಲಿದೆ (ಮುಖ್ಯ ಕೋಡ್‌ಗೆ ಇನ್ನೂ ಸೇರದ ಕವಲಿನಲ್ಲಿ).

ಬಾಕಿ: ಸೆಟಪ್ ಸೂಚನೆಯ ವಿಂಡೋಸ್ ಭಾಗ. ಗಿಟ್‌ಆಟ್ರಿಬ್ಯೂಟ್ಸ್ ಹುಡುಗಿ ಬರೆಯುತ್ತೇನೆ ಎಂದಿದ್ದಾಳೆ. ಅವಳಿಗೆ ಮರ್ಜ್ ಹಕ್ಕನ್ನೂ ಈ ವಾರ ಕೊಡುತ್ತಿದ್ದೇನೆ.