ಅಲಿ ನಂತರ ಬಂದ ಲಾರಿ ಹೋಮ್ಸ್

ಬಾಕ್ಸಿಂಗ್ ಮಾತು ಬಂದರೆ ನಮ್ಮ ಕುಂಬಳೆ, ಬದಿಯಡ್ಕ ಕಡೆ ಎರಡೇ ಹೆಸರು. ಹಿರಿಯರಿಗೆ ಮಹಮ್ಮದ್ ಅಲಿ, ಅವರ ಮಕ್ಕಳಿಗೆ ಮೈಕ್ ಟೈಸನ್. ಇವರಿಬ್ಬರ ನಡುವೆ ಏಳು ವರ್ಷ ಹೆವಿವೇಟ್ (ಅತಿ ಭಾರದವರ ವಿಭಾಗ) ಪಟ್ಟ ಯಾರ ಕೈಲಿತ್ತು ಅಂತ ಕೇಳಿ ನೋಡಿ, ಹತ್ತರಲ್ಲಿ ಒಬ್ಬರೂ ಹೇಳುವುದಿಲ್ಲ. ಲಾರಿ ಹೋಮ್ಸ್. 1978ರಲ್ಲಿ ಚಾಂಪಿಯನ್ ಆದವರು 1985ರವರೆಗೆ 20 ಸಲ ಪಟ್ಟ ಉಳಿಸಿಕೊಂಡರು. ಅಲ್ಲಿವರೆಗಿನ ಹೆವಿವೇಟ್ ಚರಿತ್ರೆಯಲ್ಲಿ ಅದಕ್ಕಿಂತ ಜಾಸ್ತಿ ಸಲ ಉಳಿಸಿಕೊಂಡವರು ಜೋ ಲೂಯಿಸ್ ಒಬ್ಬರೇ, 25 ಸಲ. ಇಷ್ಟಿದ್ದೂ ಹೋಮ್ಸ್ ಅಂದರೆ ಜನರಿಗೆ "ಅಲಿಗೆ ಹೊಡೆದವನು" ಅಷ್ಟೇ. ಇದು ನ್ಯಾಯ ಅಲ್ಲ ಅಂತ ನನಗೆ ತುಂಬಾ ವರ್ಷದಿಂದ ಅನಿಸಿದೆ, ಅದನ್ನೇ ಇವತ್ತು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬಾಕ್ಸಿಂಗ್ ಬಂದದ್ದು ಗಲ್ಫಿನಿಂದ. ಸೋದರಮಾವ ರಜೆಯಲ್ಲಿ ಬರುವಾಗ ವಿಸಿಆರ್ ತಂದಿದ್ದರು, ಜೊತೆಗೆ ಒಂದಷ್ಟು ಕ್ಯಾಸೆಟ್. ಅದರಲ್ಲಿ ಅಲಿ–ಹೋಮ್ಸ್ ಪಂದ್ಯವೂ ಇತ್ತು. ಅಡಿಕೆ ಸುಲಿಯುವ ಚಾವಡಿಯಲ್ಲೇ ಟಿವಿ ಇಟ್ಟು ನೆರೆಕರೆಯವರೆಲ್ಲ ಕೂತು ನೋಡುವುದು. ಅಲಿಗೆ ಪೆಟ್ಟು ಬಿದ್ದಾಗಲೆಲ್ಲ ಯಾರಾದರೂ "ಸಾಕು ಮಾರಾಯ, ನಿಲ್ಲಿಸು" ಅನ್ನುತ್ತಿದ್ದರು, ಪರದೆಯ ಮೇಲಿದ್ದವನಿಗೆ ಕೇಳಿಸುತ್ತದೆ ಎಂಬ ಹಾಗೆ. ನಮ್ಮ ಕಡೆ ಅಲಿ ಮೇಲಿನ ಪ್ರೀತಿ ಸಣ್ಣದಲ್ಲ. 1989ರಲ್ಲಿ ಅವರು ಕಲ್ಲಿಕೋಟೆಗೆ ಬಂದಿದ್ದರಲ್ಲ, ಆ ಸುದ್ದಿಯನ್ನು ಈಗಲೂ ನಿನ್ನೆ ಮೊನ್ನೆ ನಡೆದಂತೆ ಹೇಳುವವರಿದ್ದಾರೆ. ಹಾಗಿರುವಾಗ ಅವರನ್ನು ಸೋಲಿಸಿದವನ ಮೇಲೆ ಯಾರಿಗೆ ಪ್ರೀತಿ ಬಂದೀತು?

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಕಲಾವಿದರೊಬ್ಬರು ವರ್ಷಗಟ್ಟಲೆ ಮಾಡಿದ ವೇಷವನ್ನು ಅವರ ನಂತರ ಇನ್ನೊಬ್ಬ ಮಾಡಿದರೆ, ಅವನು ಎಷ್ಟೇ ಚೆನ್ನಾಗಿ ಕುಣಿಯಲಿ, ಮಾತಾಡಲಿ, "ಅವರ ಹಾಗೆ ಆಗಲಿಲ್ಲ" ಅನ್ನುವ ಮಾತು ಆಟ ಮುಗಿಯುವ ಮೊದಲೇ ಶುರುವಾಗಿರುತ್ತದೆ. ಹೋಮ್ಸ್ ಇಡೀ ಜೀವನ ಆ ಮಾತು ಕೇಳಿದವರು.

ಹುಟ್ಟಿದ್ದು 1949ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಊರಲ್ಲಿ. ಮನೆಯಲ್ಲಿ 12 ಮಕ್ಕಳು. ಚಿಕ್ಕಂದಿನಲ್ಲೇ ಮನೆಯವರು ಪೆನ್ಸಿಲ್ವೇನಿಯಾದ ಈಸ್ಟನ್‌ಗೆ ಬಂದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಾರು ತೊಳೆಯುವ ಕೆಲಸಕ್ಕೆ ಸೇರಿದ ಹುಡುಗ. 1973ರಲ್ಲಿ ವೃತ್ತಿಪರ ಬಾಕ್ಸಿಂಗ್ ಶುರು. ಆ ದಿನಗಳಲ್ಲಿ ಅವರ ಹೊಟ್ಟೆಪಾಡು ದೊಡ್ಡವರಿಗೆ ಸ್ಪಾರಿಂಗ್ ಜೊತೆಗಾರನಾಗಿ ನಿಲ್ಲುವುದು. ಸ್ಪಾರಿಂಗ್ ಅಂದರೆ ಅಭ್ಯಾಸದ ಕಾದಾಟ. ಅಲಿಯ ಡಿಯರ್ ಲೇಕ್ ಶಿಬಿರದಲ್ಲಿ, ಜೋ ಫ್ರೇಜಿಯರ್ ಜೊತೆಯಲ್ಲಿ, ದಿನವೂ ಪೆಟ್ಟು ತಿನ್ನುವ ಕೆಲಸ. ಒಮ್ಮೆ ಅಲಿಯ ಏಟಿಗೆ ಕಣ್ಣಿನ ಸುತ್ತ ಊದಿ ಕಪ್ಪಾಯಿತಂತೆ. ಐಸ್ ಇಡಲು ಬಂದರೆ ಹೋಮ್ಸ್ ಬೇಡ ಅಂದರು. ಊರಿಗೆ ಹೋಗಿ ತೋರಿಸಬೇಕಿತ್ತು, ಇದು ಮಹಮ್ಮದ್ ಅಲಿ ಕೊಟ್ಟದ್ದು ಅಂತ. ಅಲಿಯ ಮೇಲೆ ಅವರಿಗಿದ್ದ ಭಕ್ತಿ ಯಾವ ಮಟ್ಟದ್ದು ಅಂತ ತಿಳಿಯಲು ಇಷ್ಟು ಸಾಕು.

ಅಲ್ಲಿ ಅವರು ಪೆಟ್ಟು ತಿಂದದ್ದು ಮಾತ್ರ ಅಲ್ಲ, ಕಲಿತರು ಕೂಡ. ಅವರ ಜ್ಯಾಬ್ ನೋಡಿದರೆ ಗೊತ್ತಾಗುತ್ತದೆ. ಜ್ಯಾಬ್ ಅಂದರೆ ಮುಂದಿರುವ ಎಡಗೈಯಿಂದ ನೇರವಾಗಿ ಚಾಚಿ ಕೊಡುವ ಏಟು, ಎಲ್ಲ ಬಾಕ್ಸರ್‌ಗಳೂ ಮೊದಲು ಕಲಿಯುವ ಪಾಠ. ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸುವಂಥದ್ದಲ್ಲ. ಆದರೆ ಅದು ದೂರ ಅಳೆಯುತ್ತದೆ, ಎದುರಿನವನ ಕಣ್ಣಿಗೆ ಅಡ್ಡ ಬರುತ್ತದೆ, ಅವನು ಹೊಡೆಯಲು ಕಾಲು ಊರುವಷ್ಟರಲ್ಲಿ ಮುಖಕ್ಕೆ ತಾಗಿ ಲಯ ತಪ್ಪಿಸುತ್ತದೆ, ಅದರ ಹಿಂದೆಯೇ ಬಲಗೈ ಹೋಗಲು ದಾರಿ ಮಾಡುತ್ತದೆ. ಹೋಮ್ಸ್ 6 ಅಡಿ 3 ಇಂಚು ಎತ್ತರ, ಎರಡೂ ಕೈ ಚಾಚಿದರೆ ತುದಿಯಿಂದ ತುದಿಗೆ 81 ಇಂಚು. ಅವರ ಎಡಗೈ ಬರುವುದು ಕಾಣುವುದಿಲ್ಲ, ತಾಗಿದ ಮೇಲೆಯೇ ಗೊತ್ತಾಗುವುದು. ಹೆವಿವೇಟ್‌ನಲ್ಲಿ ಇದುವರೆಗಿನ ಅತ್ಯುತ್ತಮ ಜ್ಯಾಬ್ ಹೋಮ್ಸ್‌ದು ಅನ್ನುವವರು ತುಂಬಾ ಜನ ಇದ್ದಾರೆ. ನನ್ನದೂ ಅದೇ ಮಾತು.

ಈಗ ಯೋಚಿಸಿ, ಅಂಥವರ ಎಡತೋಳಿಗೇ ಪೆಟ್ಟಾದರೆ? 1978ರ ಜೂನ್ 9, ಲಾಸ್ ವೇಗಸ್, ಕೆನ್ ನಾರ್ಟನ್ ಜೊತೆ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಪಟ್ಟದ ಪಂದ್ಯ. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಭ್ಯಾಸದಲ್ಲಿ ಹೋಮ್ಸ್ ಎಡತೋಳಿನ ಸ್ನಾಯುವಿಗೆ ಗಾಯ. ಬೇರೆಯವರಾದರೆ ಪಂದ್ಯ ಮುಂದೂಡುತ್ತಿದ್ದರು. ಇವರು ಬಾಯಿ ಮುಚ್ಚಿಕೊಂಡು ರಿಂಗ್ ಹತ್ತಿದರು. ಆಗ ಪಟ್ಟದ ಪಂದ್ಯ 15 ರೌಂಡ್. ಮೊದಲರ್ಧ ಹೋಮ್ಸ್ ಅದೇ ಎಡಗೈಯಲ್ಲಿ ನಡೆಸಿದರು, ನಂತರ ನಾರ್ಟನ್ ನುಗ್ಗಿ ನುಗ್ಗಿ ಬಂದರು. 14 ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಇಬ್ಬರೂ ಸರಿಸಮ. ಉಳಿದದ್ದು ಮೂರೇ ನಿಮಿಷ. ಆ ಮೂರು ನಿಮಿಷದಲ್ಲಿ ಇಬ್ಬರೂ ರಕ್ಷಣೆ ಅನ್ನುವುದನ್ನೇ ಬಿಟ್ಟರು. ಕೈ ಎತ್ತಲೂ ಆಗದಷ್ಟು ಸುಸ್ತಾದವರು ಎದುರುಬದುರು ನಿಂತು ಹೊಡೆಯುತ್ತಾರೆ, ಒಮ್ಮೆ ನಾರ್ಟನ್ ಗೆದ್ದ ಹಾಗೆ ಕಾಣುತ್ತದೆ, ಮರುಗಳಿಗೆ ಹೋಮ್ಸ್, ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ನಾರ್ಟನ್ ಕಾಲು ತಡವರಿಸುತ್ತಿದೆ. ಇಬ್ಬರು ತೀರ್ಪುಗಾರರು 143–142 ಅಂತ ಹೋಮ್ಸ್‌ಗೆ ಕೊಟ್ಟರು, ಒಬ್ಬರು ಅದೇ 143–142 ನಾರ್ಟನ್‌ಗೆ. ಒಂದು ಪಾಯಿಂಟ್, ಮಾರಾಯ್ರೇ!

ಮರುವರ್ಷ ಅರ್ನಿ ಶೇವರ್ಸ್. ಆ ಕಾಲದಲ್ಲಿ ಅವರಷ್ಟು ಜೋರಾಗಿ ಹೊಡೆಯುವವರು ಇರಲಿಲ್ಲ ಅಂತ ಅವರ ಕೈಯಲ್ಲಿ ತಿಂದವರೇ ಹೇಳಿದ್ದಾರೆ. ಏಳನೇ ರೌಂಡ್‌ನಲ್ಲಿ ಅವರ ಬಲಗೈ ತಾಗಿ ಹೋಮ್ಸ್ ಮರ ಕಡಿದ ಹಾಗೆ ಬಿದ್ದರು. ಎದ್ದದ್ದು ಹೇಗೆ ಅಂತ ಈಗ ನೋಡಿದರೂ ತಿಳಿಯುವುದಿಲ್ಲ. ಎದ್ದರು, ಆ ರೌಂಡ್ ದಾಟಿದರು, 11ನೇ ರೌಂಡ್‌ನಲ್ಲಿ ಗೆದ್ದರು.

ಇನ್ನು ಆ ಅಲಿ ಪಂದ್ಯ. 1980ರ ಅಕ್ಟೋಬರ್ 2. ಅಲಿಗೆ 38 ವರ್ಷ, ನಿವೃತ್ತಿಯಿಂದ ವಾಪಸ್ ಬಂದಿದ್ದರು, ಥೈರಾಯ್ಡ್ ಮಾತ್ರೆ ತಿಂದು ತೂಕ ಇಳಿಸಿದ್ದರು. ನೋಡಲು ತೆಳ್ಳಗೆ ಚೆಂದ, ಒಳಗೆ ಶಕ್ತಿ ಇಲ್ಲ. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತು ರೌಂಡ್ ಹೋಮ್ಸ್‌ಗೆ ಕೊಟ್ಟರು. ಹತ್ತರ ನಂತರ ಅಲಿಯ ಕೋಚ್ ಆಂಜೆಲೊ ಡಂಡೀ ಸಾಕು ಅಂದರು. ಆ ಪಂದ್ಯವನ್ನು ಸರಿಯಾಗಿ ನೋಡಿ. ಹೋಮ್ಸ್ ಪೂರ್ತಿ ಬಲ ಹಾಕುತ್ತಿಲ್ಲ, ಮಧ್ಯೆ ಮಧ್ಯೆ ರೆಫರಿಯತ್ತ ನೋಡುತ್ತಾರೆ, ನಿಲ್ಲಿಸಿ ಅನ್ನುವ ಹಾಗೆ. ಗೆದ್ದ ಮೇಲೆ ಅತ್ತರು. ಕಣ್ಣಿನ ಕಪ್ಪನ್ನು ಊರಿಗೆಲ್ಲ ತೋರಿಸಿದ್ದ ಹುಡುಗನೇ ಅಲ್ವಾ ಅದು? ಆ ದಿನ ಬೇರೆ ಯಾರೇ ಅವರ ಜಾಗದಲ್ಲಿ ಇದ್ದಿದ್ದರೂ ಅಲಿಗೆ ಇನ್ನೂ ಜಾಸ್ತಿ ಪೆಟ್ಟಾಗುತ್ತಿತ್ತು ಅಂತ ನಾನು ನಂಬುತ್ತೇನೆ.

1982ರಲ್ಲಿ ಗೆರಿ ಕೂನಿ ಎಂಬ ಬಿಳಿಯ ಬಾಕ್ಸರ್ ಜೊತೆ ಪಂದ್ಯ. ಪ್ರಚಾರವೆಲ್ಲ ಮೈಬಣ್ಣದ ಮೇಲೆ, ಕರಿಯ–ಬಿಳಿಯ ಅಂತಲೇ ನಡೆಯಿತು. ಚಾಂಪಿಯನ್ ಹೆಸರನ್ನು ಕೊನೆಗೆ ಕರೆಯುವುದು ರೂಢಿ, ಆ ದಿನ ಚಾಂಪಿಯನ್ ಹೋಮ್ಸ್‌ರನ್ನು ಮೊದಲು ಕರೆದರು. ಇದು ಅವಮಾನವೇ. 13ನೇ ರೌಂಡ್‌ನಲ್ಲಿ ಹೋಮ್ಸ್ ಪಂದ್ಯ ಮುಗಿಸಿದರು. ಮುಂದೆ ಇಬ್ಬರೂ ಒಳ್ಳೆಯ ಸ್ನೇಹಿತರಾದರು.

ಹೀಗೆ 1985ರ ಹೊತ್ತಿಗೆ ಒಟ್ಟು 48 ಪಂದ್ಯ, 48 ಗೆಲುವು. ಇನ್ನೊಂದು ಗೆದ್ದರೆ, 49 ಪಂದ್ಯ ಆಡಿ ಒಂದೂ ಸೋಲದ ಹಳೆಯ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಅವರ ದಾಖಲೆಗೆ ಸಮ. 1985ರ ಸೆಪ್ಟೆಂಬರ್ 21ರಂದು ಮೈಕಲ್ ಸ್ಪಿಂಕ್ಸ್ ಎದುರು ಪಾಯಿಂಟ್ ಮೇಲೆ ಸೋತರು. ಮಾರ್ಸಿಯಾನೊ ಕೊನೆಯ ಪಂದ್ಯ ಆಡಿ ಸರಿಯಾಗಿ 30 ವರ್ಷ ಆದ ದಿನ ಅದು. ಸೋತ ಸಿಟ್ಟಿನಲ್ಲಿ ಪತ್ರಕರ್ತರ ಎದುರು ಮಾರ್ಸಿಯಾನೊ ಬಗ್ಗೆ ಕೀಳಾಗಿ ಒಂದು ಮಾತಾಡಿದರು. ಆಡಬಾರದಿತ್ತು, ತೀರಿಹೋದವರ ಬಗ್ಗೆ ಅಂತೂ ಆಡಲೇಬಾರದಿತ್ತು. ನಂತರ ಕ್ಷಮೆ ಕೇಳಿದರು, ಆದರೆ ಏಳು ವರ್ಷದ ಆಟ ಮರೆತ ಜನ ಆ ಒಂದು ವಾಕ್ಯವನ್ನು ಇನ್ನೂ ಮರೆತಿಲ್ಲ.

1988ರಲ್ಲಿ ಟೈಸನ್ ಎದುರು ನಾಲ್ಕನೇ ರೌಂಡ್‌ನಲ್ಲಿ ಬಿದ್ದರು. ಹೋಮ್ಸ್‌ಗೆ ಆಗ 38, ಅಲಿ ಅವರೆದುರು ನಿಂತಾಗ ಇದ್ದಷ್ಟೇ ವಯಸ್ಸು. ಅಲಿಯೂ ಆ ರಾತ್ರಿ ಅಲ್ಲೇ ಇದ್ದರು. 75 ಪಂದ್ಯಗಳಲ್ಲಿ ಹೋಮ್ಸ್ ನಾಕೌಟ್ ಆದದ್ದು ಅದೊಂದೇ ಸಲ. ಅಲ್ಲಿಗೆ ಮುಗಿಯಿತು ಅಂದುಕೊಂಡವರಿಗೆ 1992ರಲ್ಲಿ ಉತ್ತರ ಸಿಕ್ಕಿತು. 42ರ ಹೋಮ್ಸ್, ಅದುವರೆಗೆ ಸೋಲದಿದ್ದ ಒಲಿಂಪಿಕ್ ಚಿನ್ನದ ರೇ ಮರ್ಸರ್ ಅವರನ್ನು ಮೂಲೆಗೆ ಒರಗಿ ನಿಂತೇ ಆಟವಾಡಿಸಿ ಗೆದ್ದರು. ಕೊನೆಯ ಪಂದ್ಯ 2002ರಲ್ಲಿ, 52ನೇ ವಯಸ್ಸಿನಲ್ಲಿ, ಅದನ್ನೂ ಗೆದ್ದರು. ಒಟ್ಟು 69 ಗೆಲುವು, 6 ಸೋಲು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವರು ಈಸ್ಟನ್ ಬಿಡದೇ ಇದ್ದದ್ದು. ಎರಡು ನದಿ ಸೇರುವ ಸಣ್ಣ ಊರು. ಗಳಿಸಿದ ದುಡ್ಡನ್ನು ಅಲ್ಲೇ ಕಟ್ಟಡಕ್ಕೆ, ರೆಸ್ಟೋರೆಂಟ್‌ಗೆ ಹಾಕಿದರು. ಕೋಟಿಗಟ್ಟಲೆ ಗಳಿಸಿ ಕೊನೆಗೆ ಬರಿಗೈಯಾದ ಬಾಕ್ಸರ್‌ಗಳು ಬೇಕಾದಷ್ಟು ಇದ್ದಾರೆ, ಇವರು ಹಾಗಾಗಲಿಲ್ಲ. ನಮ್ಮ ಊರಿನ ಹುಡುಗರು ಮಂಗಳೂರು, ಬೆಂಗಳೂರು, ದುಬೈ ಅಂತ ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು, ಹೋಗಬೇಡಿ ಅನ್ನುವ ಹಾಗೂ ಇಲ್ಲ. ಆದರೆ ಜಗತ್ತಿನ ಚಾಂಪಿಯನ್ ಆಗಿಯೂ ಕಾರು ತೊಳೆದ ಊರಲ್ಲೇ ಸಂಸಾರ ಮಾಡಿದವರನ್ನು ಕಂಡರೆ ನನಗೆ ಹೊಟ್ಟೆ ತುಂಬಿದಷ್ಟು ಖುಷಿ. ನದಿ ಪಕ್ಕದ ರಸ್ತೆಗೆ ಅವರದೇ ಹೆಸರಿಟ್ಟಿದ್ದಾರೆ, 2015ರಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ.

ಇದನ್ನು ಓದಿ ಅವರ ಪಂದ್ಯ ನೋಡಬೇಕು ಅನಿಸಿದರೆ, ದಯವಿಟ್ಟು ಅಲಿ ಪಂದ್ಯದಿಂದ ಶುರು ಮಾಡಬೇಡಿ. ಮೊದಲು ನಾರ್ಟನ್ ಜೊತೆಗಿನ 15ನೇ ರೌಂಡ್ ನೋಡಿ. ಆಮೇಲೆ ಶೇವರ್ಸ್ ಪಂದ್ಯದ ಏಳನೇ ರೌಂಡ್. ಸಮಯ ಇದ್ದರೆ ಮರ್ಸರ್ ಪಂದ್ಯ ಪೂರ್ತಿ ನೋಡಿ, ಎಡಗೈ ಮೇಲೆ ಕಣ್ಣಿಟ್ಟು.