ಬೀರೂರಿನ ಫೋಟೋ: ವೈಪಿಯೋ ವೈಜಿಯೋ, ಕೊನೆಗೂ ಇತ್ಯರ್ಥ

ಹಳೇ ಫೋಟೋವೊಂದರಲ್ಲಿ ಬೀರೂರು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಉಗಿ ಎಂಜಿನ್ ಯಾವ ಮಾದರಿಯದು, ಮೀಟರ್‌ಗೇಜಿನ ವೈಪಿಯೋ ವೈಜಿಯೋ ಅಂತ ಹುಡುಕುತ್ತಿದ್ದೆ. ಅಂತೂ ಸಿಕ್ಕಿಬಿತ್ತು. ವೈಪಿ. ವೈಜಿ ಅಲ್ಲ.

ಇದಕ್ಕೆ ಇಷ್ಟು ಒದ್ದಾಟ ಬೇಕಿತ್ತಾ ಅನ್ನುವವರು ಆ ಸ್ಕ್ಯಾನ್ ಒಮ್ಮೆ ನೋಡಬೇಕು. ಹಳೇ ಫೋಟೋ ಮಾರುವವರೊಬ್ಬರು ಕಳಿಸಿದ್ದು. ತಮ್ಮ ವಾಟರ್‌ಮಾರ್ಕನ್ನು ಸರಿಯಾಗಿ ಕ್ಯಾಬಿನ (ಡ್ರೈವರ್ ನಿಲ್ಲುವ ಜಾಗ) ನಂಬರ್ ಮೇಲೇ ಕೂರಿಸಿದ್ದಾರೆ. ಕಾಣೋದು ಕೊನೆಯ ಎರಡು ಅಂಕಿ. ಬೇಕಿದ್ದದ್ದು ಮೊದಲನೆಯದು! ಅದು 2 ಆಗಿದ್ದರೆ ವೈಪಿ, 3 ಅಥವಾ 4 ಆಗಿದ್ದರೆ ವೈಜಿ, ಕೆಲಸ ಅಲ್ಲಿಗೇ ಮುಗೀತಿತ್ತು. ಜೊತೆಗೆ ‘ಬ್ರಿಟಿಷರ ಕಾಲದ ಅಪರೂಪದ ಎಂಜಿನ್’ ಅಂತ ಒಕ್ಕಣೆ ಬೇರೆ. ವೈಪಿ ಮೊದಲು ಬಂದಿದ್ದೇ 1949ರಲ್ಲಿ. ಒಟ್ಟು 871 ತಯಾರಾದವು. ವೈಜಿ ಸಾವಿರ ದಾಟಿತು. ಅಪರೂಪವಂತೆ!

ಕಾಲ ಹಿಡಿಯೋದು ಕಷ್ಟವಾಗಲಿಲ್ಲ. ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಮೇಲೆ ಎಸ್‌ಆರ್ ಅಂತಿದೆ, ಅಂದರೆ 1951ರಲ್ಲಿ ದಕ್ಷಿಣ ರೈಲ್ವೆ ಆದ ಮೇಲಿನದು. ಹಿಂದಿನ ಬೋಗಿ ಮೇಲೆ ಮೂರನೇ ದರ್ಜೆಯ ಮೂರು ಗೀಟು ಇದೆ, ಆ ದರ್ಜೆ 1974ರಲ್ಲಿ ಹೋಯಿತು. ಹಳೇ ಬಣ್ಣ ಆಮೇಲೂ ಉಳಿದಿರಬಹುದು ಅಂತ ವಾದಿಸುವವರಿಗೆ ಇನ್ನೊಂದೆರಡು ವರ್ಷ ಬಿಟ್ಟುಕೊಡುತ್ತೇನೆ.

ತಲೆ ತಿಂದಿದ್ದು ಚಕ್ರ. ಇವೆರಡರಲ್ಲಿ ಮೇಲಿನ ಅರ್ಧ ನೋಡಿ ಏನೂ ಪ್ರಯೋಜನವಿಲ್ಲ, ಬಾಯ್ಲರೇ ಒಂದು. ವ್ಯತ್ಯಾಸವೆಲ್ಲ ಕೆಳಗೆ. ವೈಪಿ 4-6-2, ವೈಜಿ 2-8-2: ಎರಡೂ ಬದಿ ಸೇರಿಸಿ ಮುಂದಿನ ಚಿಕ್ಕ ಚಕ್ರ, ನಡುವಿನ ದೊಡ್ಡ ಚಕ್ರ, ಹಿಂದಿನ ಚಿಕ್ಕ ಚಕ್ರಗಳ ಲೆಕ್ಕ. ಆ ಕೆಳಗಿನ ಅರ್ಧದ ಎದುರು ಇಡೀ ಒಂದು ಮದುವೆ ದಿಬ್ಬಣ ಟ್ರಂಕು, ಹಾಸಿಗೆ ಸುರುಳಿ ಸಮೇತ ನಿಂತಿದೆ. ದೊಡ್ಡ ಚಕ್ರ ಮೂರೋ ನಾಲ್ಕೋ ಎಣಿಸಲು ಸಾಧ್ಯವೇ ಇಲ್ಲ. ವ್ಯಾಸ ಅಳೆಯೋಣ ಅಂದರೆ (ವೈಪಿಗೆ 1372 ಮಿ.ಮೀ., ವೈಜಿಗೆ 1219), ಟ್ರಂಕಿನ ಮೇಲೆ ಇಣುಕುವ ಕಮಾನು ತೀರಾ ಚಿಕ್ಕದು. ಎರಡು ಅಳತೆಗೂ ಹೊಂದುತ್ತದೆ.

ದಾರಿ ಸಿಕ್ಕಿದ್ದು ಸಿಲಿಂಡರ್ (ಉಗಿ ಪಿಸ್ಟನ್ನನ್ನು ತಳ್ಳುವ ಕೊಳವೆ) ಹತ್ತಿರ. ವೈಜಿಯ ಮುಂದಿನ ಚಿಕ್ಕ ಚಕ್ರ ಸಿಲಿಂಡರಿಗಿಂತ ಮುಂದಿರುತ್ತದೆ, ಸಿಲಿಂಡರ್ ಹಿಂದೆ ನೇರ ದೊಡ್ಡ ಚಕ್ರವೇ. ವೈಪಿಯಲ್ಲಿ ಹಾಗಲ್ಲ. ಒಂದು ಚಿಕ್ಕ ಚಕ್ರ ಸಿಲಿಂಡರಿನ ಮುಂದೆ, ಇನ್ನೊಂದು ಹಿಂದೆ. ಅಂದರೆ ನೋಡಬೇಕಾದದ್ದು ಒಂದೇ ಒಂದು ಸಂದು. ನಮ್ಮ ಫೋಟೋದಲ್ಲಿ ಆ ಸಂದಿನಲ್ಲಿ ಪಂಚೆ ಎತ್ತಿ ಕಟ್ಟಿದ ಯಜಮಾನರೊಬ್ಬರು ನಿಂತಿದ್ದಾರೆ. ಪುಣ್ಯಕ್ಕೆ ಕಾಲು ಸ್ವಲ್ಪ ಅಗಲಿಸಿದ್ದಾರೆ.

ಅಲ್ಲಿ ಬರೀ ಕಪ್ಪು. ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಇಡೀ ಚಿತ್ರ ಬೂದಿಯಾಗುತ್ತಿತ್ತು. ಕೊನೆಗೆ ಅಷ್ಟೇ ಜಾಗ ಕತ್ತರಿಸಿ, ಕಪ್ಪು ಭಾಗವನ್ನು ಮಾತ್ರ ಫೋಟೋ ಎಡಿಟರಿನ ಕರ್ವ್ಸ್‌ನಲ್ಲಿ ಎಳೆದು ಬೆಳಗಿಸಿದೆ. ಎರಡು ಮೊಣಕಾಲಿನ ನಡುವೆ ಒಂದು ಅಂಚು ಮೂಡಿತು. ಸ್ಲೈಡ್‌ಬಾರಿಗಿಂತ (ಸಿಲಿಂಡರ್ ಹಿಂದೆ ಪಿಸ್ಟನ್ ರಾಡಿನ ತುದಿ ಜಾರುವ ಪಟ್ಟಿ) ಎಷ್ಟೋ ಕೆಳಗೇ ಬಾಗಿ ಇಳಿಯುತ್ತದೆ. ದೊಡ್ಡ ಚಕ್ರವಾಗಿದ್ದರೆ ಅಷ್ಟು ಕೆಳಗೆ ಬಾಗೋಕೆ ಆಗಲ್ಲ ಅಲ್ವಾ? ಆ ಯಜಮಾನರಿಗೆ ಮನಸ್ಸಲ್ಲೇ ಅಡ್ಡಬಿದ್ದೆ.

ಅದೇ ಮಾರಾಟಗಾರರಿಂದ ಬಂಗಾರಪೇಟೆ–ಚಿಕ್ಕಬಳ್ಳಾಪುರ ನ್ಯಾರೋಗೇಜಿನ ಫೋಟೋನೂ ಬಂದಿದೆ. ಎಂಜಿನ್ ನೇರ ಎದುರಿಗಿದೆ, ಪಕ್ಕದಿಂದ ಏನೂ ಕಾಣಲ್ಲ, ಆದರೆ ಎರಡೂ ಹಳಿ ಕಾಣುತ್ತವೆ. ನಡುವಿನ ಅಂತರ 762 ಮಿ.ಮೀ. ಅದನ್ನೇ ಅಳತೆಪಟ್ಟಿ ಮಾಡಿಕೊಂಡು ಚಿಮಣಿಯ ಎತ್ತರ, ಟ್ಯಾಂಕಿನ ಅಗಲ ಲೆಕ್ಕ ಹಾಕಿ ಎಂಜಿನ್ ಯಾವುದು ಅಂತ ಹಿಡಿಯುವ ಯೋಚನೆ. ಹೋಲಿಸಲು ಅಳತೆ ಹಾಕಿದ ಡ್ರಾಯಿಂಗ್ ಬೇಕು, ಫೋಟೋದಿಂದ ನೋಡಿ ಬರೆದದ್ದಲ್ಲ. ಯಾರ ಹತ್ತಿರವಾದರೂ ಇದ್ದರೆ ವಾಟರ್‌ಮಾರ್ಕ್ ಇಲ್ಲದೆ ಕಳಿಸಿ.