ಪೆಡಲ್ ಕಲ್ಲೋ, ಸ್ಪಂಜೋ?

ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಸಾಧನ) ಇಲ್ಲದ ಕಾರಿನ ಬ್ರೇಕ್ ಬಗ್ಗೆ ಕೇಳಿಬರುವ ದೂರು ಎರಡು. ಪೆಡಲ್ ಕಲ್ಲಿನಂತಿದೆ, ಎಷ್ಟು ಒತ್ತಿದರೂ ಕಾರು ನಿಲ್ಲದು. ಇಲ್ಲವೇ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಸ್ಪಂಜು ಹೋಗಲಿ ಅಂತ ದೊಡ್ಡ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಸಿಲಿಂಡರ್) ಹಾಕಿಸುವವರಿದ್ದಾರೆ. ಪೆಡಲ್ ಗಟ್ಟಿಯಾಗುತ್ತದೆ, ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಲೆಕ್ಕ ನೋಡಿ: ಕಾಲಿನದು 30 ಕೆಜಿ, ಪೆಡಲ್ ಅನುಪಾತ (ಸನ್ನೆಯಂತೆ ಪೆಡಲ್ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) 6:1 ಆದರೆ ಪುಶ್‌ರಾಡ್, ಅಂದರೆ ಪೆಡಲಿನಿಂದ ಸಿಲಿಂಡರಿನ ಪಿಸ್ಟನ್ ತಳ್ಳುವ ರಾಡ್ ಮೇಲೆ 180 ಕೆಜಿ. 1 ಇಂಚಿನ ಬೋರಿನಲ್ಲಿ (ಸಿಲಿಂಡರಿನ ಒಳವ್ಯಾಸ) ಅದು ಚದರ ಸೆಂ.ಮೀ.ಗೆ ಸುಮಾರು 35 ಕೆಜಿ ಒತ್ತಡ. 7/8 ಇಂಚಿನಲ್ಲಿ 46. ಬದಲಿಗೆ ಪೆಡಲ್ ಸುಮಾರು ಶೇ. 30ರಷ್ಟು ಹೆಚ್ಚು ದೂರ ಚಲಿಸಬೇಕು. ಪವರ್ ಬ್ರೇಕ್ ಕಾರಿನ ಬೂಸ್ಟರ್ ಬಿಚ್ಚಿ ಹಳೇ ಪೆಡಲನ್ನೇ ಉಳಿಸಿಕೊಂಡರೆ ಅನುಪಾತ 4:1ರ ಆಸುಪಾಸಿನಲ್ಲೇ ಇರುತ್ತದೆ. ಆಗ ಯಾವ ಪ್ಯಾಡ್ ಹಾಕಿದರೂ ಕಾಲು ನೋಯುವುದು ತಪ್ಪದು.

ಆ ಹೆಚ್ಚುವರಿ ದೂರ ನಮಗೆ ಸಿಗಬೇಕಾದರೆ ಬೇರೆಲ್ಲೂ ಪೋಲಾಗಬಾರದು. ಮೊದಲ ಸಲ ತಗ್ಗಿಗೆ ಹೋದ ಪೆಡಲ್, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೇ ಗಟ್ಟಿಯಾಗಿ ನಿಂತರೆ ಮೊದಲು ಡ್ರಮ್ (ಒಳಗಿನಿಂದ ಶೂಗಳು ಒತ್ತಿ ನಿಲ್ಲಿಸುವ ಬ್ರೇಕ್) ನೋಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ, ಚಕ್ರ ಬಿಗಿಯಾಗುವವರೆಗೆ, ಶೂಗಳನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ತಿರುಗಿಸಿ, ಪೆಡಲ್ ಒಮ್ಮೆ ಜೋರಾಗಿ ಒತ್ತಿ ಶೂಗಳನ್ನು ಕೂರಿಸಿ. ಆಮೇಲೆ ಶೂ ಮೇಲಿನ ಲೈನರ್ ಸವರುವ ಸದ್ದು ಸಣ್ಣಗೆ ಉಳಿಯುವಷ್ಟು ಮಾತ್ರ ಹಿಂದಕ್ಕೆ ಬಿಡಿ.

ಪೆಡಲ್ ಮೇಲೇ ಇದ್ದೂ ಪುಟಿದರೆ ಆಯಿಲಿನಲ್ಲಿ ಏರ್ ಇದೆ, ಇಲ್ಲವೇ ಹೋಸ್ ಉಬ್ಬುತ್ತಿದೆ. ಅಂಚು ನಯವಾದ ಕ್ಲ್ಯಾಂಪಿನಿಂದ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಹಿಡಿದು ಪೆಡಲ್ ಒತ್ತಿ. ಯಾವುದನ್ನು ಹಿಡಿದಾಗ ಗಟ್ಟಿಯಾಯಿತೋ ತೊಂದರೆ ಆ ಕಡೆಗಿದೆ. ಬ್ಲೀಡ್ ಮಾಡುವಾಗ (ಆ ಏರ್ ಹೊರಹಾಕುವಾಗ) ಪೆಡಲ್ ಕೆಳಗೆ ಮರದ ತುಂಡಿಡಿ. ಹಳೇ ಸಿಲಿಂಡರಿನಲ್ಲಿ ದಿನವೂ ಸೀಲ್ ಓಡಾಡದ ಜಾಗ ತುಕ್ಕು ಹಿಡಿದಿರುತ್ತದೆ. ಪೆಡಲ್ ತಳ ಮುಟ್ಟಿಸಿದರೆ ಸೀಲ್ ಅಲ್ಲೇ ಹರಿಯುತ್ತದೆ. ಕಾಲಿಟ್ಟುಕೊಂಡಿದ್ದಾಗ ಪೆಡಲ್ ನಿಧಾನವಾಗಿ ಕುಸಿಯುತ್ತಾ, ಹೊರಗೆ ಎಲ್ಲೂ ಆಯಿಲ್ ಸೋರದಿದ್ದರೆ ಆ ಸೀಲ್ ಆಗಲೇ ಹೋಗಿದೆ ಎಂದೇ ಲೆಕ್ಕ.

ಪ್ಯಾಡ್ ವಿಷಯದಲ್ಲಿ ರೇಸಿಂಗ್ ಮೋಹ ಬೇಡ: ಅವು ಬಿಸಿಯಾಗದೆ ಕಚ್ಚುವುದಿಲ್ಲ.

ಕೊನೆಗೆ ಪುಶ್‌ರಾಡ್. ಪಿಸ್ಟನ್ ಮುಟ್ಟುವ ಮೊದಲು ಸುಮಾರು 1 ಮಿ.ಮೀ. ಆಟ ಇರಲೇಬೇಕು. ಇಲ್ಲದಿದ್ದರೆ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಯೇ ಇದ್ದು, ಬಿಸಿಯಾದಂತೆ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ. ಹಾಗೆ ಹಿಡಿದಾಗ ಮಾಸ್ಟರ್ ಸಿಲಿಂಡರಿನ ನಟ್‌ಗಳನ್ನು ಎರಡು ಸುತ್ತು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ರಾಡ್ ಉದ್ದವಾಗಿದೆ. ಬಿಡದೆ, ಆ ಚಕ್ರದ ಬ್ಲೀಡರ್ (ಏರ್ ಹೊರಬಿಡುವ ಸ್ಕ್ರೂ) ತೆರೆದಾಗ ಮಾತ್ರ ಬಿಟ್ಟರೆ ಹೋಸ್ ಒಳಗೆ ಕಟ್ಟಿಕೊಂಡಿದೆ.